ಮುದ್ದಣ್ಣನ ಹೆಸರಿನ ಎದುರು

ಉಡುಪಿಯಿಂದ ಕಾಪುವಿಗೆ ಹೋಗುವ ಎಂಟು ಗಂಟೆಯ ಬಸ್ಸಿನಲ್ಲಿ ಸ್ವರ್ಣಲತಾಳಿಗೆ ಅಂದು ಕಿಟಕಿಯ ಬದಿಯ ಸೀಟೇ ಸಿಕ್ಕಿತು. ಬೇರೆ ದಿನವಾದರೆ ಅದೊಂದು ಭಾಗ್ಯ. ಅಂದು ಮಾತ್ರ ಬಸ್ಸು ಕಟಪಾಡಿಯಲ್ಲಿ ಕೆಟ್ಟು ನಿಲ್ಲಬಾರದೇ, ಟಯರಾದರೂ ಪಂಕ್ಚರ್ ಆಗಬಾರದೇ ಎಂದು ಹರಕೆ ಹೊತ್ತುಕೊಳ್ಳುವುದೊಂದೇ ಬಾಕಿ. ಹಾಳು ಬಸ್ಸು, ವರ್ಷಕ್ಕೆ ಹತ್ತು ಸಲ ಕೆಡುವಂಥದ್ದು, ಅಂದು ಮದುವೆ ದಿಬ್ಬಣದ ಹಾಗೆ ಓಡಿತು. ಅವಳು ಹದಿನೈದು ವರ್ಷಗಳಿಂದ ನರ್ಸಾಗಿರುವ ಕಾಪುವಿನ ನರ್ಸಿಂಗ್ ಹೋಮಿನಲ್ಲಿ ಅಂದು ಹನ್ನೊಂದು ಮಂದಿ ಕೆಲಸದವರಿಗೆ ಚುಚ್ಚುಮದ್ದು. ಕಾಮಾಲೆಗೆ, ಅದೂ ಸೂಜಿಯಿಂದ, ರಕ್ತದಿಂದ ಅಂಟುವ ಬಿ ಜಾತಿಯ ಕಾಮಾಲೆಗೆ, ಪರದೇಶದಲ್ಲಿ ಹೊಸದಾಗಿ ಬಂದಿರುವ ಮದ್ದು. ಡಾಕ್ಟರ್ ಎಡ್ಮಂಡರ ತಮ್ಮ ಲೂಯಿಸ್ ಕುವೈಟಿನಿಂದ ಬರುವಾಗ ಐಸಿನ ಡಬ್ಬಿಯಲ್ಲಿಟ್ಟು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತಂದದ್ದು. ಹದಿನೈದು ದಿನಗಳ ಹಿಂದೆ ಡಾಕ್ಟರರು ಎಲ್ಲರನ್ನೂ ಕೂರಿಸಿ ಹೇಳಿದ್ದರು: "ಮೊದಲು ಎಲ್ಲರ ರಕ್ತ ಪರೀಕ್ಷೆಗೆ ಮಣಿಪಾಲಕ್ಕೆ ಹೋಗುತ್ತದೆ. ಯಾರ ರಕ್ತದಲ್ಲಿ ಆ ರೋಗ ಈಗಲೂ ಕೂತುಕೊಂಡು ಉಂಟೋ ಅವರಿಗೆ ಈ ಮದ್ದಿನಿಂದ ಪ್ರಯೋಜನ ಇಲ್ಲ. ಅಂಥವರನ್ನು ಸೂಜಿ ಮುಟ್ಟುವ ಕೆಲಸದಿಂದ ಬಿಡಿಸಬೇಕಾದೀತು. ಮುಂದೆ ಲಿವರಿಗೂ ಅಪಾಯ." ಆಮೇಲೂ ಅವರು ಹತ್ತು ನಿಮಿಷ ಮಾತಾಡಿದ್ದರು. ಸ್ವರ್ಣಲತಾಳ ಕಿವಿಗೆ ಅದೊಂದೂ ಹೋಗಲಿಲ್ಲ. ಅವಳು ಎದುರಿನ ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದ ಮುದ್ದಣ್ಣನನ್ನೇ ನೋಡುತ್ತಿದ್ದಳು. ಅವನು ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸುತ್ತಿದ್ದ, ಪಾಪ. ಅವನ ರಕ್ತದಲ್ಲಿ ಆ ರೋಗ ಇದ್ದರೆ ಅದನ್ನು ಅಲ್ಲಿಗೆ ಹಾಕಿದವಳು ತಾನು ಎಂಬುದು ಈ ಭೂಮಿಯ ಮೇಲೆ ಅವಳೊಬ್ಬಳಿಗೆ ಗೊತ್ತಿತ್ತು.

ಮುದ್ದಣ್ಣನದ್ದು ಸೂಜಿ ಮಸೆಯುವ ಕೆಲಸ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಸೂಜಿಯನ್ನೂ ಕತ್ತಿಯ ಹಾಗೆ ಮಸೆಯುತ್ತಾರೆಯೇ ಎಂದು. ಮಸೆಯದಿದ್ದರೆ ಒಂದೇ ಸೂಜಿ ಇನ್ನೂರು ಮೈಗೆ ಹೋಗುವುದು ಹೇಗೆ? ದಿನವೂ ಮಧ್ಯಾಹ್ನ ಊಟವಾದ ಮೇಲೆ ಅವನು ಹಿಂದಿನ ಸಣ್ಣ ಕೋಣೆಯಲ್ಲಿ ಸಾಣೆಕಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು ಕೂರುತ್ತಾನೆ. ಪ್ರತಿಯೊಂದು ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಾನೆ. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆಯೆಂದು ಲೆಕ್ಕ. ಮಸೆಯುವಾಗ ಬೆರಳಿಗೆ ಚುಚ್ಚುವುದು ಮಾಮೂಲು, ಚುಚ್ಚಿದ ಬೆರಳನ್ನು ಬಾಯಿಗಿಟ್ಟು ಚೀಪುವುದೂ ಮಾಮೂಲು. ಅದಕ್ಕೇ ಒಂದು ಕ್ರಮವಿತ್ತು: ಬಳಸಿದ ಸೂಜಿಗಳನ್ನು ತೊಳೆದು, ತೂತಿಗೆ ತಂತಿ ತೂರಿಸಿ, ಇಪ್ಪತ್ತು ನಿಮಿಷ ಕುದಿಸಿದ ಮೇಲೆಯೇ ಬಿಳಿ ಟ್ರೇಯಲ್ಲಿ ಹಾಕಿ ಮುದ್ದಣ್ಣನಿಗೆ ಕೊಡಬೇಕು, ಅವನು ಮಸೆದ ಮೇಲೆ ಇನ್ನೊಮ್ಮೆ ಕುದಿಸಬೇಕು. ಈ ಕ್ರಮವನ್ನು ಹೊಸ ನರ್ಸುಗಳಿಗೆ ಕಿವಿ ಹಿಂಡಿ ಕಲಿಸಿದವಳು ಸ್ವರ್ಣಲತಾಳೇ. ಎಪ್ಪತ್ತೆಂಟರ ನವೆಂಬರಿನಲ್ಲಿ ಒಂದು ಗುರುವಾರ, ಕಾಮಾಲೆಯಿಂದ ಕಣ್ಣೆರಡೂ ಅರಶಿನದ ಮುದ್ದೆಯಾಗಿದ್ದ ಉಚ್ಚಿಲದ ಒಬ್ಬ ಮೀನುಗಾರನ ರಕ್ತ ತೆಗೆದ ಮೂರು ಸೂಜಿಗಳನ್ನು ನೀರಿನಲ್ಲಿ ಒಮ್ಮೆ ಅದ್ದಿ ಹಾಗೆಯೇ, ಕುದಿಸದೆಯೇ, ಬಿಳಿ ಟ್ರೇಗೆ ಸುರಿದವಳೂ ಅವಳೇ. ಮೂರೂ ಮುಕ್ಕಾಲರ ಬಸ್ಸು ತಪ್ಪಬಾರದಿತ್ತು. ಕಾರ್ಕಳದಿಂದ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ಮೂವತ್ತು ತುಂಬಿದ ಹುಡುಗಿಗೆ ಇಪ್ಪತ್ತು ನಿಮಿಷ ಎಷ್ಟು ದೊಡ್ಡದೆಂದು ಸೂಜಿಗೆ ಏನು ಗೊತ್ತು? ಕರುಣಾಕರ ಎಂದು ಆತನ ಹೆಸರು, ಯಾವುದೋ ಶಾಲೆಯಲ್ಲಿ ಗುಮಾಸ್ತ. ಸಜ್ಜಿಗೆ ಅವಲಕ್ಕಿ ಎರಡು ಸಲ ಹಾಕಿಸಿಕೊಂಡು ತಿಂದ. ಮೂರು ದಿನದ ಮೇಲೆ ಮಾತು ಬಂತು: ಕಂಡ ಕಂಡ ಗಂಡಸರ ಮೈ ಮುಟ್ಟುವ ಕೆಲಸದವರು ನಮಗೆ ಬೇಡ. ಅಯ್ಯೋ, ಆ ಮನುಷ್ಯನಿಗಾಗಿ!

ಆ ಗುರುವಾರದ ಮರುದಿನ ಬೆಳಿಗ್ಗೆ ಮುದ್ದಣ್ಣನ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. "ಎಂತ ಆಯಿತು?" ಎಂದು ಕೇಳಿದಳು. "ಎಂತ ಇಲ್ಲ ಸಿಸ್ಟರ್, ಸೂಜಿ ಒಂದು ಮುತ್ತು ಕೊಟ್ಟಿತು" ಎಂದು ಅವನು ನಕ್ಕ. ಆಗ ಅವಳಿಗೆ ಬಿಳಿ ಟ್ರೇ ನೆನಪಾಯಿತು. ಆಗಲೇ ಹೇಳಬೇಕಿತ್ತು. ಒಂದು ಮಾತು, ಡಾಕ್ಟರರ ಕೋಣೆಗೆ ಹದಿನೈದು ಹೆಜ್ಜೆ. ಅವಳು ಇಷ್ಟು ಮಾಡಿದಳು: ಟ್ರೇಯನ್ನು ತೊಳೆದಿಟ್ಟಳು. ಆಮೇಲೆ ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದಳು, ಒಂದು ತಿಂಗಳಾಯಿತು, ಎರಡಾಯಿತು, ಇನ್ನೇನೂ ಆಗಲಿಕ್ಕಿಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಎಪ್ಪತ್ತೆರಡನೆಯ ದಿನ ಮುದ್ದಣ್ಣ ಊಟ ಸೇರುವುದಿಲ್ಲ ಎಂದ. ಎರಡು ದಿನದಲ್ಲಿ ಕಣ್ಣು ಹಳದಿ. ಡಾಕ್ಟರರು ಹತ್ತು ದಿನ ಮಲಗಿಸಿಕೊಂಡರು; ಆಮೇಲೆ ಅವನ ಹೆಂಡತಿಯ ಕಡೆಯವರು ಅಜೆಕಾರಿಗೆ ಕರೆದುಕೊಂಡು ಹೋಗಿ, ಮಜ್ಜಿಗೆಯಲ್ಲಿ ಸೊಪ್ಪು ಅರೆದು ಕೊಡುವ ಒಬ್ಬ ಮುದುಕಿಯ ಹಸಿರು ಮದ್ದು ಕುಡಿಸಿದರು. ನಲವತ್ತೊಂದು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ. ಸ್ವರ್ಣಲತಾ ಪ್ರತಿ ಭಾನುವಾರ ಅವನ ಊರು ಮಟ್ಟುವಿಗೆ ಹೋದಳು, ಕೈಯಲ್ಲಿ ಎರಡು ಎಳನೀರಿನ ಬೊಂಡ ಹಿಡಿದುಕೊಂಡು, ಬಿಸಿಲಿಗೆ ಬೆವರುತ್ತ. ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬಾರದೆಂದು ಎರಡು ತಿಂಗಳು ತನ್ನ ಡ್ಯೂಟಿ ಮುಗಿದ ಮೇಲೆ ತಾನೇ ಕೂತು ಸೂಜಿ ಮಸೆದಳು. ಎಲ್ಲರೂ ಕೊಂಡಾಡಿದರು. ಇಂಥ ಕರುಳು ಯಾರಿಗುಂಟು ಎಂದರು. ಅವಳಿಗೆ ಆ ಮಾತುಗಳು ಕೆನ್ನೆಗೆ ಹೊಡೆದ ಹಾಗೆ ಆಗುತ್ತಿದ್ದವು.

ಮುದ್ದಣ್ಣ ಎದ್ದು ಬಂದ. ಬಂದವನು ಬಾಯಿ ಮುಚ್ಚಿಕೊಂಡು ಇದ್ದನೇ? ಇಲ್ಲ. ಮದ್ದಿಗೆ ಬಂದವರನ್ನು ಹಿಡಿದು ನಿಲ್ಲಿಸಿ ಹೇಳುತ್ತಿದ್ದ: "ಈ ಸಿಸ್ಟರ್ ಇಲ್ಲದಿದ್ದರೆ ನಾನು ಸತ್ತು, ನನ್ನ ಬೊಜ್ಜದ ಊಟ ಉಂಡು ಊರಿನವರು ಯಾವತ್ತೋ ಕೈ ತೊಳೆದಿರುತ್ತಿದ್ದರು." ಪ್ರತಿ ವರ್ಷ ಜನವರಿಯಲ್ಲಿ ಗದ್ದೆಯ ಮೊದಲ ಗುಳ್ಳಬದನೆ ಒಂದು ಚೀಲ ಅವಳಿಗೆ. ಬೇಡ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ತೆಗೆದುಕೊಳ್ಳುತ್ತಿದ್ದಳು. ಬೈದರೆ ತಡೆದುಕೊಳ್ಳಬಹುದು, ಮಾರಾಯ್ರೆ, ಏಳು ವರ್ಷ ಕೃತಜ್ಞತೆಯನ್ನು ತಡೆದುಕೊಳ್ಳುವುದು ಹೇಗೆ?

ನರ್ಸಿಂಗ್ ಹೋಮಿಗೆ ಬಂದು ಛತ್ರಿ ಇಡುವಷ್ಟರಲ್ಲಿ ಹೊಸ ನರ್ಸ್ ಪ್ಯಾಟ್ರಿಶಿಯಾ ಪಟ್ಟಿ ತಂದು ಕೈಗಿತ್ತಳು. "ಡಾಕ್ಟ್ರು ನಿಮಗೆ ಕೊಡಲಿಕ್ಕೆ ಹೇಳಿದ್ರು ಸಿಸ್ಟರ್. ಒಬ್ಬೊಬ್ಬರನ್ನೇ ಕರೆಯಬೇಕಂತೆ. ಈ ಮದ್ದನ್ನು ಮನುಷ್ಯರ ರಕ್ತದಿಂದಲೇ ಮಾಡುವುದಂತೆ, ಹೌದಾ? ನನಗೆ ಹೆದರಿಕೆ ಆಗ್ತದೆ." ಸ್ವರ್ಣಲತಾ ಏನೋ ಸಮಾಧಾನ ಹೇಳಿದಳು, ಏನು ಹೇಳಿದೆನೆಂದು ಆಮೇಲೆ ನೆನಪಾಗಲಿಲ್ಲ. ಪಟ್ಟಿಯಲ್ಲಿ ಹನ್ನೊಂದು ಹೆಸರು. ಹತ್ತರ ಎದುರು ನೀಲಿ ಸರಿ ಗುರುತು. ಅವಳದ್ದೂ ನೀಲಿ. ಒಂಬತ್ತನೆಯ ಹೆಸರಿನ ಎದುರು ಕೆಂಪು ಪೆನ್ಸಿಲಿನ ಇಂಟು ಮಾರ್ಕು, ಎರಡು ಸಲ ಒತ್ತಿ ಎಳೆದದ್ದು. ಓದಬೇಕಾದ್ದಿರಲಿಲ್ಲ, ಓದಿದಳು. ಮುದ್ದಣ್ಣ, ವಯಸ್ಸು ನಲವತ್ತೊಂಬತ್ತು. ಬಸ್ಸಿನಲ್ಲಿ ಅವಳು ಹೆದರಿದ್ದು ಇದಕ್ಕೇ, ಹದಿನೈದು ದಿನ ನಿದ್ದೆಗೆಟ್ಟದ್ದು ಇದಕ್ಕೇ. ಈಗ ಪ್ಯಾಟ್ರಿಶಿಯಾ ಎಲ್ಲರ ಎದುರು ಹೆಸರು ಕರೆಯುತ್ತಾಳೆ. ಒಬ್ಬನನ್ನು ಕರೆಯುವುದಿಲ್ಲ. ಅವನು ಅಂಗಿಯ ತೋಳು ಮಡಚಿ ಬೆಂಚಿನ ಮೇಲೆ ಕೂತೇ ಇರುತ್ತಾನೆ. ಅದನ್ನು ನೋಡಲು ತನ್ನಿಂದಾಗದು ಎಂದು ಅವಳಿಗೆ ಸ್ಪಷ್ಟವಾಯಿತು. ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗುವ ಮೊದಲು ತನ್ನ ಬಾಯಿಂದ ಗೊತ್ತಾಗಲಿ. ಪಟ್ಟಿಯನ್ನು ಪ್ಯಾಟ್ರಿಶಿಯಾಳ ಕೈಗೇ ಮರಳಿ ಕೊಟ್ಟು ಸ್ವರ್ಣಲತಾ ಹಿಂದಿನ ಕೋಣೆಗೆ ನಡೆದಳು.

ಮುದ್ದಣ್ಣ ಒಂದು ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವಳು ಬಾಗಿಲು ಮುಂದೆ ಮಾಡಿದಳು.

"ಮುದ್ದಣ್ಣ, ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ಕೆಂಪು ಹಾಕಿದ್ದಾರೆ. ನಿಮಗೆ ಮದ್ದು ಇಲ್ಲ."

ಅವನು ಸೂಜಿಯನ್ನು ಜೋಪಾನವಾಗಿ ಟ್ರೇಯಲ್ಲಿಟ್ಟ. "ಅಂದರೆ ರಕ್ತದಲ್ಲಿ ಉಂಟು."

ಅವಳು ತಲೆಯಾಡಿಸಿದಳು.

"ಈ ಕೆಲಸವೂ ಇಲ್ಲ ಹಾಗಾದರೆ." ಆಮೇಲೆ, "ಮಗಳಿಗೆ, ಸಿಸ್ಟರ್? ಅದು ಆಗ ಎರಡು ವರ್ಷದ್ದು. ನನ್ನ ಬಟ್ಟಲಿನಿಂದಲೇ ಗಂಜಿ ಕುಡಿಯುತ್ತಿತ್ತು. ಅದಕ್ಕೂ ಬಂದಿರಬಹುದಾ?"

ಸ್ವರ್ಣಲತಾ ಅಲ್ಲಿಯವರೆಗೆ ಅವನ ಮಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ಏಳು ವರ್ಷ ತನ್ನ ತಪ್ಪನ್ನು ತಿರುಗಿಸಿ ಮುರುಗಿಸಿ ನೋಡಿದ್ದಾಳೆ, ಆ ಮಗು ಅದರಲ್ಲಿ ಎಲ್ಲಿಯೂ ಬಂದಿರಲಿಲ್ಲ. ಅದೇ ಅವಳನ್ನು ಮುರಿಯಿತು. ನಿಂತಲ್ಲೇ ಎಲ್ಲ ಹೇಳಿದಳು: ಗುರುವಾರ, ಉಚ್ಚಿಲದವನು, ಮೂರು ಸೂಜಿ, ಬಿಳಿ ಟ್ರೇ, ಕಾರ್ಕಳದಿಂದ ಬರುವವರು. ಹೇಳುತ್ತಾ ಹೋದಂತೆ ಎಷ್ಟು ಸಣ್ಣ ಸಂಗತಿಯಾಗಿ ಕೇಳಿಸಿತೆಂದರೆ ಅವಳಿಗೇ ನಾಚಿಕೆಯಾಯಿತು.

"ನಿಮಗೆ ಯಾವಾಗ ಗೊತ್ತಾದದ್ದು?" ಎಂದ ಮುದ್ದಣ್ಣ.

"ಮರುದಿನವೇ."

"ಮರುದಿನವೇ." ಅವನು ಹೆಬ್ಬೆರಳನ್ನು ನೋಡಿಕೊಂಡ. "ನಾನು ಊರೆಲ್ಲ ನಿಮ್ಮ ಹೆಸರು ಹೇಳಿಕೊಂಡು ತಿರುಗಿದೆನಲ್ಲ ಸಿಸ್ಟರ್. ನೀವು ಪಕ್ಕದಲ್ಲೇ ನಿಂತು ಕೇಳಿದಿರಲ್ಲ. ಗುಳ್ಳ ತಂದು ಕೊಟ್ಟರೆ ತಿಂದಿರಲ್ಲ!"

"ಒಂದನ್ನೂ ತಿನ್ನಲಿಲ್ಲ ಮುದ್ದಣ್ಣ. ಪಕ್ಕದ ಮನೆಗೆ ಕೊಡುತ್ತಿದ್ದೆ."

ಹೇಳಬೇಕಾಗಿಯೇ ಇರಲಿಲ್ಲ ಅದನ್ನು. ಬಾಯಿ ಒಮ್ಮೆ ಬಿಟ್ಟ ಮೇಲೆ ನಿಲ್ಲಲಿಲ್ಲ. ಮುದ್ದಣ್ಣನ ಮುಖದಲ್ಲಿ ಆಗಲೇ ಮೊದಲ ಬಾರಿಗೆ ಸಿಟ್ಟು ಕಂಡದ್ದು. "ಅದನ್ನಾದರೂ ತಿನ್ನಬಹುದಿತ್ತು" ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ನೀವು ಹೊರಗೆ ಹೋಗಿ" ಎಂದ. ಹದಿನೈದು ವರ್ಷಗಳಲ್ಲಿ ಅವನು ಅವಳಿಗೆ ಹೊರಗೆ ಹೋಗಿ ಎಂದದ್ದು ಅದೇ ಮೊದಲು.

ಅವಳು ಹೊರಗೆ ಬಂದು ನೇರ ಡಾಕ್ಟರರ ಕೋಣೆಗೆ ಹೋದಳು. ಹದಿನೈದು ಹೆಜ್ಜೆ, ಏಳು ವರ್ಷ ತಡವಾಗಿ. ಡಾಕ್ಟರ್ ಎಡ್ಮಂಡ್ ಚಾ ಕುಡಿಯುತ್ತಿದ್ದರು. ಕೂತುಕೊಳ್ಳಿ ಎಂದರೆ ಅವಳು ಕೂರಲಿಲ್ಲ. "ಡಾಕ್ಟ್ರೆ, ಕೆಲಸದಿಂದ ತೆಗೆಯುವುದಾದರೆ ನನ್ನನ್ನು ತೆಗೆಯಿರಿ. ಮುದ್ದಣ್ಣನನ್ನಲ್ಲ" ಎಂದು ಶುರು ಮಾಡಿ ಆ ಗುರುವಾರದ ಸಂಗತಿಯನ್ನು ಎರಡನೆಯ ಸಲ ಹೇಳಿದಳು. ಈ ಸಲ ಇನ್ನೂ ಬೇಗ ಮುಗಿಯಿತು. ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಣೆ ಒತ್ತಿಕೊಂಡರು. "ಆಗ ಮೂವರ ಕೆಲಸ ನಿಮ್ಮೊಬ್ಬರ ಕೈಯಲ್ಲಿ ಮಾಡಿಸುತ್ತಿದ್ದೆ. ಅದು ನನ್ನ ತಪ್ಪು. ಮರುದಿನ ಬಾಯಿ ಬಿಡದೆ ಇದ್ದದ್ದು ನಿಮ್ಮದು. ಅದನ್ನು ನಾನು ಸಣ್ಣದು ಎಂದು ಹೇಳುವುದಿಲ್ಲ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆದರೆ ಮುದ್ದಣ್ಣನನ್ನು ತೆಗೆಯುವುದು ಯಾಕೆ?" ಎಂದು ಕೇಳಿದರು.

"ಕೆಂಪು ಹಾಕಿದ್ದೀರಲ್ಲ."

"ಅಯ್ಯೋ ಮಾರಾಯ್ತಿ!" ಡಾಕ್ಟರರು ಕುರ್ಚಿಯಿಂದ ಎದ್ದೇಬಿಟ್ಟರು. "ಅವತ್ತು ಅಷ್ಟು ಹೊತ್ತು ನಾನು ಬಾಯಿ ನೋಯಿಸಿಕೊಂಡದ್ದು ಯಾರಿಗೆ? ಕೆಲವರಿಗೆ ರೋಗ ಬಂದು ಪೂರ್ತಿ ಹೋಗಿರುತ್ತದೆ, ಅವರಿಗೆ ಮದ್ದು ಬೇಡ, ಅವರ ಮೈಯೇ ಮದ್ದು ಮಾಡಿಕೊಂಡಿರುತ್ತದೆ ಎಂದು ಹೇಳಲಿಲ್ಲವಾ ನಾನು? ಮುದ್ದಣ್ಣನ ರಕ್ತದಲ್ಲಿ ರೋಗದ ಸುದ್ದಿಯೇ ಇಲ್ಲ. ಅದನ್ನು ತಡೆಯುವ ಶಕ್ತಿ ಮಾತ್ರ ಉಂಟು, ಬೇಕಾದಷ್ಟು. ಈ ಇಡೀ ಕಟ್ಟಡದಲ್ಲಿ ಇವತ್ತು ಆ ರೋಗಕ್ಕೆ ಹೆದರಬೇಕಾಗಿಲ್ಲದವನು ಅವನೊಬ್ಬ." ಆಮೇಲೆ ಕೂತು, ದನಿ ಇಳಿಸಿ, "ನಿಮ್ಮ ರಕ್ತದಲ್ಲಿ ಏನೂ ಇಲ್ಲ. ರೋಗವೂ ಇಲ್ಲ, ರಕ್ಷಣೆಯೂ ಇಲ್ಲ. ನೀವು ಮೊದಲು ಹಾಕಿಸಿಕೊಳ್ಳಿ. ಅವನಿಗೆ ನಾನು ಹೇಳಲಾ?" ಎಂದರು.

"ಇಲ್ಲ ಡಾಕ್ಟ್ರೆ. ನಾನೇ ಹೇಳುತ್ತೇನೆ."

ಅವಳು ವರಾಂಡಕ್ಕೆ ಬಂದಳು. ಗೋಡೆ ಹಿಡಿದುಕೊಂಡು ನಿಂತಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಲ್ಲವಂತೆ. ಅವನ ರಕ್ತದಲ್ಲಿ ಇಲ್ಲವಂತೆ. ಹೊರಗೆ ಕಾಪುವಿನ ಪೇಟೆ ಎಂದಿನಂತೆ ಗಲಾಟೆ ಮಾಡುತ್ತಿತ್ತು, ಬುಟ್ಟಿಯ ಮೀನು ಮಾರುವವಳು ಯಾರನ್ನೋ ಬಯ್ಯುತ್ತಿದ್ದಳು, ಆ ಬೈಗುಳವೂ ಅವಳಿಗೆ ಅಂದು ಇಂಪಾಗಿತ್ತು. ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಅವಳು ನೆನಪಾದವರಿಗೆಲ್ಲ ಮುಗಿದಳು: ಅಜೆಕಾರಿನ ಆ ಮುದುಕಿಗೆ, ಅವಳ ಸೊಪ್ಪಿನಿಂದಲೇ ಗುಣವಾಯಿತೋ ಇಲ್ಲವೋ, ಆದರೂ ಅವಳಿಗೆ; ನಲವತ್ತೊಂದು ದಿನ ತಾನೂ ಉಪ್ಪು ಹಾಕಿಕೊಳ್ಳದೆ ಗಂಡನ ಜೊತೆ ಸಪ್ಪೆ ಗಂಜಿ ಉಂಡ ಅವನ ಹೆಂಡತಿಗೆ; ಹತ್ತು ದಿನ ಮಂಚದ ಬಳಿ ಕುರ್ಚಿ ಹಾಕಿಕೊಂಡು ಕೂತ ಡಾಕ್ಟರರಿಗೆ; ಮಣಿಪಾಲದಲ್ಲಿ ಆ ರಕ್ತವನ್ನು ನೋಡಿದ, ಹೆಸರೂ ಗೊತ್ತಿಲ್ಲದ ಯಾರೋ ಒಬ್ಬರಿಗೆ. ಹದಿನೈದು ವರ್ಷ ಸೂಜಿಗಳ ನಡುವೆ ಇದ್ದೂ ತನ್ನ ರಕ್ತ ನೀರಿನ ಹಾಗೆ ಶುದ್ಧ. ಯಾಕೆ ಶುದ್ಧ? ಬಾಗಿದ ಮೊನೆಗಳೆಲ್ಲ ತನ್ನ ಬೆರಳಿಗೆ ಬರುವ ಮೊದಲು ಅವನ ಬೆರಳಿಗೆ ಹೋಗುತ್ತಿದ್ದವು. ಇದು ಅವಳಿಗೆ ಹೊಳೆದದ್ದು ಆಗ, ಆ ಗೋಡೆಯ ಬಳಿ. ಇಷ್ಟು ವರ್ಷ ಅವನು ಕೊಡುತ್ತಿದ್ದ ಕೃತಜ್ಞತೆ ವಿಳಾಸ ತಪ್ಪಿದ್ದು ಎಂದು ಮಾತ್ರ ಗೊತ್ತಿತ್ತು. ಅದು ಹೋಗಬೇಕಾದ ವಿಳಾಸ ಅವನದೇ ಎಂದು ಗೊತ್ತಿರಲಿಲ್ಲ.

ಮುದ್ದಣ್ಣ ಸ್ಟೂಲಿನ ಮೇಲೆ ಹಾಗೆಯೇ ಕೂತಿದ್ದ. ಅವಳು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಹೇಳಿದಳು. ಕೆಂಪು ಗುರುತಿನ ಅರ್ಥ ಹೇಳಿದಳು, ತಾನು ಅದನ್ನು ತಪ್ಪು ತಿಳಿದದ್ದು ಹೇಳಿದಳು, ಕೆಲಸ ಹೋಗುವುದಿಲ್ಲ ಎಂದಳು. ಅವನು ಅದನ್ನೆಲ್ಲ ಬಿಟ್ಟು, "ಮಗಳಿಗೆ?" ಎಂದ.

"ನಿಮ್ಮಿಂದ ಇನ್ನು ಯಾರಿಗೂ ಏನೂ ಬರುವುದಿಲ್ಲ. ಆಗ ಬಂದಿರಬಹುದಾ ಎಂದು ನೋಡಲಿಕ್ಕೆ ನಿಮ್ಮ ಹೆಂಡತಿ, ಮಗಳು ಇಬ್ಬರ ರಕ್ತವನ್ನೂ ಮಣಿಪಾಲಕ್ಕೆ ಕಳಿಸೋಣ. ನಾನೇ ಮಟ್ಟುವಿಗೆ ಬಂದು ತೆಗೆಯುತ್ತೇನೆ. ನೀವು ಒಪ್ಪಿದರೆ."

ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಅಷ್ಟರಲ್ಲಿ ಪ್ಯಾಟ್ರಿಶಿಯಾ ಓಡಿಬಂದಳು: "ಸಿಸ್ಟರ್, ಒಂಬತ್ತು ಮಂದಿಯದ್ದು ಆಯಿತು. ನೀವೊಬ್ಬರೇ ಬಾಕಿ."

"ನನಗೆ ಬೇಡ" ಎಂದಳು ಸ್ವರ್ಣಲತಾ. ಯೋಚಿಸಿ ಹೇಳಿದ್ದಲ್ಲ. ಎಲ್ಲೋ ಒಂದು ಶಿಕ್ಷೆ ಆಗಬೇಕಿತ್ತು, ಯಾರೂ ಕೊಡುತ್ತಿರಲಿಲ್ಲ.

ಮುದ್ದಣ್ಣ ಸ್ಟೂಲಿನಿಂದ ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಇದೆಂತ ನಾಟಕ ಸಿಸ್ಟರ್! ನಿಮಗೆ ರೋಗ ಬಂದರೆ ನನಗೆ ಎಂತ ಸಿಗುತ್ತದೆ? ಆ ವಾಂತಿ, ಆ ಸಂಕಟ ನನಗೆ ಗೊತ್ತುಂಟು. ಶತ್ರುವಿಗೂ ಬೇಡ. ನಡೆಯಿರಿ ಮೊದಲು!" ಪ್ಯಾಟ್ರಿಶಿಯಾ ಕಣ್ಣು ಅಗಲಿಸಿ ನಿಂತಳು. ಅವನು ಮುಂದೆ, ಇವಳು ಹಿಂದೆ, ಶಾಲೆಗೆ ಚಕ್ಕರ್ ಹೊಡೆದ ಮಗುವನ್ನು ಕರೆದುಕೊಂಡು ಹೋಗುವ ಹಾಗೆ. ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ಅವನು ತಿರುಗಿ ನಿಂತ.

"ಸಿಟ್ಟು ಉಂಟು. ಇಲ್ಲ ಎನ್ನುವುದಿಲ್ಲ. ಎಷ್ಟು ದಿನ ಇರುತ್ತದೋ ನನಗೂ ಗೊತ್ತಿಲ್ಲ. ಆದರೆ ಒಂದು ನನಗೆ ಬಗೆಹರಿಯುವುದಿಲ್ಲ ಸಿಸ್ಟರ್. ಭಾನುವಾರ ಭಾನುವಾರ ನೀವು ಬಂದದ್ದು?"

"ಹೆದರಿಕೊಂಡು ಬಂದದ್ದು ಮುದ್ದಣ್ಣ. ಪ್ರೀತಿಯಿಂದ ಬಂದದ್ದಲ್ಲ."

"ಹೆದರಿದವರು ಬಾರದೆಯೂ ಇರಬಹುದಿತ್ತು. ನನ್ನ ಸ್ವಂತ ಅಣ್ಣ ಇನ್ನಂಜೆಯಲ್ಲಿ ಇದ್ದಾನೆ, ಎರಡು ಮೈಲು. ಅಂಟುತ್ತದೆ ಎಂದು ಹೊಸ್ತಿಲು ತುಳಿಯಲಿಲ್ಲ. ನೀವು ಒಳಗೆ ಬಂದು ನನ್ನ ಚಾಪೆಯ ಮೇಲೆ ಕೂತಿರಿ. ಅದನ್ನು ನಾನು ಈಗ ಎಲ್ಲಿಗೆ ಬಿಸಾಡಲಿ ಹೇಳಿ?"

ಅವಳು ಒಳಗೆ ಹೋದಳು. ಕುರ್ಚಿಯ ಮೇಲೆ ಕೂತು ರವಿಕೆಯ ತೋಳು ಮೇಲೆ ಸರಿಸಿದಳು. ಪ್ಯಾಟ್ರಿಶಿಯಾ ಸಿರಿಂಜಿಗೆ ಮದ್ದು ಎಳೆದುಕೊಂಡಳು. ತಾನು ಕಲಿಸಿದ ಹುಡುಗಿಯ ಎದುರು ತೋಳು ಚಾಚಿ ಕೂರುವುದು ಸ್ವರ್ಣಲತಾಳಿಗೆ ಹೊಸದು. ಸ್ಪಿರಿಟ್ ತಣ್ಣಗೆ ಹತ್ತಿತು, ಆಮೇಲೆ ಒಂದು ಕ್ಷಣದ ಉರಿ. ಯಾರ ಯಾರದೋ ರಕ್ತದಿಂದ ಮಾಡಿದ ಆ ಎರಡು ಹನಿ ತನ್ನ ಮೈಯೊಳಗೆ ಇಳಿಯುವುದು ಅವಳಿಗೆ ಗೊತ್ತಾದಂತಿತ್ತು. ಎಲ್ಲೋ ಯಾರೋ ರೋಗ ಉಂಡವರು, ಅವರ ರಕ್ತ ಈಗ ಕಾಪುವಿನಲ್ಲಿ ತನ್ನನ್ನು ಕಾಯಬೇಕು. ಅವಳು ಬಾಗಿಲ ಕಡೆ ನೋಡಿದಳು. ಏಳು ವರ್ಷ ಬರದಿದ್ದ ಮಾತು ಸರಾಗವಾಗಿ ಬಂತು.

"ಮುದ್ದಣ್ಣ, ನಿಮ್ಮಿಂದ ನನಗೆ ದೊಡ್ಡ ಉಪಕಾರ ಆಯಿತು."

ಅದೆಲ್ಲ ಎಂತ ಇಲ್ಲ ಎಂದು ಅವನು ಹೇಳಬಹುದಿತ್ತು. ಆ ಊರಿನಲ್ಲಿ ಎಲ್ಲರೂ ಹಾಗೆಯೇ ಹೇಳುವುದು. ಅವನು ಹಾಗೆ ಹೇಳಲಿಲ್ಲ. ಒಂದು ಗಳಿಗೆ ಅವಳನ್ನೇ ನೋಡಿ, "ಹೌದು, ಆಯಿತು" ಎಂದ.

ಪ್ಯಾಟ್ರಿಶಿಯಾ ಕಾರ್ಡಿನಲ್ಲಿ ಬರೆಯುತ್ತ, "ಎರಡನೆಯದು ಮಾರ್ಚ್ ಇಪ್ಪತ್ತಾರು, ಬುಧವಾರ. ಮೂರನೆಯದು ಆಗಸ್ಟಿನಲ್ಲಿ" ಎಂದಳು.

"ಎರಡಕ್ಕೂ ನಾನು ಈ ಬಾಗಿಲಲ್ಲೇ ಇರುತ್ತೇನೆ" ಎಂದ ಮುದ್ದಣ್ಣ. "ತಪ್ಪಿಸಿಕೊಳ್ಳಲಿಕ್ಕೆ ನೋಡಬೇಡಿ, ಸಿಸ್ಟರ್."